ಇಲ್ಲದ ತಮ್ಮನಿಗೆ ಒಂದು ನಿಮಿಷದ ಮೌನ

ನಮ್ಮ ಕಾಲೇಜಿನ ಚರಿತ್ರೆ ಬರೆಯಲು ಕೂತವರೆಲ್ಲ ಕುದುರೆ ಲಾಯದಿಂದಲೇ ಆರಂಭಿಸುತ್ತಾರೆ. ದೂರದಿಂದ ಬಂದ ಪಾದ್ರಿಯೊಬ್ಬರು ಹಳೆಯ ಲಾಯವೊಂದನ್ನು ಗುಡಿಸಿ, ನಾಲ್ಕಾರು ಹುಡುಗರನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. ಜಾಗ ಕಳೆದುಕೊಂಡ ಕುದುರೆಗಳು ಹೊರಗೆ ನಿಂತು, ಕಿಟಕಿಯಲ್ಲಿ ಕತ್ತು ತೂರಿಸಿ ಪಾಠ ಕೇಳಿದವಂತೆ. ಒಳಗಿದ್ದವರು ಹೆಚ್ಚು ಕಲಿತರೋ ಹೊರಗಿದ್ದವು ಹೆಚ್ಚು ಕಲಿತವೋ, ಅದನ್ನು ಯಾರೂ ಬರೆದಿಟ್ಟಿಲ್ಲ. ಆಮೇಲೆ ಬಂದ ಒಬ್ಬೊಬ್ಬ ಪ್ರಿನ್ಸಿಪಾಲರೂ ಒಂದೊಂದು ಕಾಣಿಕೆ ಕೊಟ್ಟು ಹೋದರು. ಒಬ್ಬರು ಪ್ರಾರ್ಥನಾ ಮಂದಿರ ಕಟ್ಟಿಸಿದರು. ಒಬ್ಬರು ಗಡಿಯಾರದ ಗೋಪುರ ಎಬ್ಬಿಸಿದರು. ಮತ್ತೊಬ್ಬರು ಆ ಗಡಿಯಾರ ಯಾಕೆ ಸದಾ ಹಿಂದೆ ಬೀಳುತ್ತದೆಂದು ತಿಳಿಯಲು ಸಮಿತಿ ನೇಮಿಸಿದರು. ಸಮಿತಿಯೂ ಹಿಂದೆ ಬಿತ್ತು. ಇನ್ನೊಬ್ಬರಿಗೆ ಕಟ್ಟಿಸಲು ಏನೂ ಉಳಿದಿರಲಿಲ್ಲವಾದ್ದರಿಂದ ಒಂದು ನಿಯಮ ಮಾಡಿದರು: ಗ್ರಂಥಾಲಯದ ಒಂದು ಹಾಳೆಯೂ ಕಾಲೇಜಿನ ಗೇಟು ದಾಟಕೂಡದು. ಕಟ್ಟಡಗಳೆಲ್ಲ ಬಿರುಕು ಬಿಟ್ಟಿವೆ, ನಿಯಮ ಮಾತ್ರ ಇಂದಿಗೂ ಗಟ್ಟಿ.

ಇಲ್ಲಿ ಹೇಳಹೊರಟಿರುವುದು ಆ ಮಹನೀಯರ ಕಥೆಯಲ್ಲ. ಗ್ರಂಥಾಲಯದ ಹಿಂದೆ, ಮೆಟ್ಟಿಲ ಕೆಳಗೆ, ಸೊಂಟ ಬಗ್ಗಿಸಿದರೆ ಮಾತ್ರ ಒಳಹೋಗಬಹುದಾದ ಬೈಂಡಿಂಗ್ ಕೋಣೆಯ ವೀರನ ಕಥೆ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಪ್ರಿನ್ಸಿಪಾಲರಿಂದ ಹಿಡಿದು ಮಾಲಿಯವರೆಗೆ ಎಲ್ಲರಿಗೂ ಗೋಂದಣ್ಣ. ಬೆರಳುಗಳಲ್ಲಿ ಗೋಂದು ಯಾವಾಗಲೂ ಒಣಗುತ್ತಿರುತ್ತಿದ್ದುದರಿಂದ, ಅವನ ಕೈ ಕುಲುಕಿದವರು ಬಿಡಿಸಿಕೊಳ್ಳುವವರೆಗೆ ಕುಶಲ ವಿಚಾರಿಸುತ್ತ ನಿಲ್ಲಬೇಕಾಗುತ್ತಿತ್ತು. ದಬ್ಬಣ, ಕತ್ತರಿ, ರಟ್ಟು ಕೊಯ್ಯುವ ಚಾಕು ಅವನ ಆಯುಧಗಳು. ಗೆದ್ದಲು, ಬೆಳ್ಳಿಹುಳು, ಪರೀಕ್ಷೆಯ ಹಿಂದಿನ ದಿನ ಪುಟ ಹರಿದುಕೊಳ್ಳುವ ವಿದ್ಯಾರ್ಥಿ ಅವನ ಶತ್ರುಗಳು. ಮೂರರಲ್ಲಿ ಮೊದಲೆರಡನ್ನು ಮಾತ್ರ ಅವನು ಗೆದ್ದಿದ್ದ.

ನಮ್ಮ ಗ್ರಂಥಾಲಯದ ಪುಸ್ತಕಗಳಿಗೆ ಒಂದು ಹೆಸರಿದೆ. ತೆರೆದು ಮೇಜಿನ ಮೇಲಿಟ್ಟರೆ ಅಂಗೈ ಬಿಚ್ಚಿದಂತೆ ಮಲಗುತ್ತವೆ, ತಾವಾಗಿ ಮುಚ್ಚಿಕೊಳ್ಳುವುದಿಲ್ಲ. ಬೇರೆ ಕಾಲೇಜಿನವರು ಬಂದು ಪುಸ್ತಕದ ಬೆನ್ನು ಸವರಿ, "ಈ ಹೊಲಿಗೆ ಯಾರದ್ರೀ?" ಎನ್ನುತ್ತಿದ್ದರು. ಗ್ರಂಥಪಾಲಕರು ಹೆಮ್ಮೆಯಿಂದ ಮೆಟ್ಟಿಲ ಕೆಳಗೆ ಬೆರಳು ಮಾಡುತ್ತಿದ್ದರು. ಗೋಂದಣ್ಣ ಆ ಹೊತ್ತಿಗೆ ಸರಿಯಾಗಿ ಏನನ್ನಾದರೂ ಕೆಳಗೆ ಬೀಳಿಸಿಕೊಂಡು ಹುಡುಕುತ್ತಿದ್ದ. ವಿನಯ ಎಂದು ಎಲ್ಲರೂ ತಿಳಿದಿದ್ದರು.

ನಿಜ ಏನೆಂದರೆ, ಗೋಂದಣ್ಣನಿಗೆ ಹೊಲಿಗೆ ಬರುತ್ತಿರಲಿಲ್ಲ.

ಕೊಯ್ಯಲು ಬರುತ್ತಿತ್ತು, ಅಂಟಿಸಲು ಬರುತ್ತಿತ್ತು. ರಟ್ಟಿಗೆ ಬಟ್ಟೆ ಹೊದಿಸಿದರೆ ಮದುವಣಗಿತ್ತಿಯಂತೆ ಸಿಂಗರಿಸುತ್ತಿದ್ದ. ಆದರೆ ಮಡಿಸಿದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ದಾರದಿಂದ ಪೋಣಿಸಲು ಹೋದರೆ, ಸತ್ತ ಜರಿಹುಳುವಿನ ಕಾಲುಗಳಂತೆ ದಾರ ಎಲ್ಲ ದಿಕ್ಕಿಗೂ ಚಾಚಿಕೊಳ್ಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಹೊಲಿದ ಪುಸ್ತಕವೊಂದು ಪ್ರಿನ್ಸಿಪಾಲರ ಕೈಯಲ್ಲೇ ಬಿಚ್ಚಿಕೊಂಡು ಮೈದಾನದ ತುಂಬ ಹಾರಿತು. ಆ ಸಂಜೆ ಅವನು ಹರಿದ ಹಾಳೆಗಳನ್ನು ಅಂಗಿಯೊಳಗೆ ತುರುಕಿಕೊಂಡು ಮನೆಗೆ ಹೋದ. ತಂಗಿ ಬಟ್ಟೆ ಹೊಲಿಯುವವಳು. ಅಣ್ಣನ ಮುಖ ನೋಡಿದಳು, ಹಾಳೆ ನೋಡಿದಳು, ಸೂಜಿ ಎತ್ತಿಕೊಂಡಳು. ಅಷ್ಟೇ. ಅಂದಿನಿಂದ ನಮ್ಮ ಗ್ರಂಥಾಲಯದ ಎಲ್ಲ ಪುಸ್ತಕಗಳನ್ನೂ ಹೊಲಿದವಳು ಅವಳೇ.

ಆಗ ನಮ್ಮದು ಗಂಡಸರದೇ ಕಾಲೇಜು. ಅವಳು ಒಳಗೆ ಬರುವಂತಿರಲಿಲ್ಲ, ಪುಸ್ತಕ ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ಗೋಂದಣ್ಣ ಬೆಳಿಗ್ಗೆಯೂ ಸಂಜೆಯೂ ಹೊಟ್ಟೆ ಬೆಳೆಸಿಕೊಂಡು ಗೇಟು ದಾಟುತ್ತಿದ್ದ. ನಡುವೆ ಮಾತ್ರ ತೆಳ್ಳಗಿರುತ್ತಿದ್ದ. ಕಾವಲುಗಾರ ನೋಡಿ ನೋಡಿ, "ಏನಪ್ಪ, ಕಾಲೇಜಿನ ಗಾಳಿ ಬೆಳಿಗ್ಗೆ ಸಂಜೆ ಮಾತ್ರ ಹಿಡಿಸುತ್ತಾ?" ಎನ್ನುತ್ತಿದ್ದ. ಹೊರೆ ಜಾಸ್ತಿಯಾದ ದಿನ ತಂಗಿಯೇ ಬಟ್ಟೆಯ ಗಂಟು ಮಾಡಿಕೊಂಡು ಗೇಟಿನವರೆಗೆ ತಂದುಕೊಡುತ್ತಿದ್ದಳು.

ಹೀಗಿರುವಾಗ ಕಾಲೇಜಿನ ವಜ್ರ ಮಹೋತ್ಸವ ಬಂತು.

ಮಹೋತ್ಸವಕ್ಕೆ ಇಡೀ ಕಾಲೇಜಿನ ಫೋಟೋ ತೆಗೆಸಬೇಕೆಂದು ತೀರ್ಮಾನವಾಯಿತು. ಅಷ್ಟು ಜನ ಒಂದು ಫೋಟೋದಲ್ಲಿ ಹಿಡಿಸುವುದಿಲ್ಲವಲ್ಲ? ಅದಕ್ಕೆ ಫೋಟೋದವನು ತಿರುಗುವ ಕ್ಯಾಮೆರಾ ತಂದ. ಜನರೆಲ್ಲ ಮೈದಾನದಲ್ಲಿ ಬಿಲ್ಲಿನ ಹಾಗೆ ಬಾಗಿ ನಿಲ್ಲಬೇಕು. ನಡುವೆ ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ, ಕೀಲಿ ಕೊಟ್ಟ ಗೊಂಬೆಯಂತೆ ಎಡದಿಂದ ಬಲಕ್ಕೆ ನಿಧಾನವಾಗಿ ಕತ್ತು ತಿರುಗಿಸುತ್ತ ಎಲ್ಲರನ್ನೂ ಒಂದೇ ಉದ್ದನೆಯ ಪಟಕ್ಕೆ ಬಳಿದುಕೊಳ್ಳುತ್ತದೆ. ಎಡತುದಿಯಲ್ಲಿ ಮಾಲಿ, ಕಾವಲುಗಾರ, ಹಾಸ್ಟೆಲಿನ ಅಡುಗೆಯವರು, ಏಪ್ರನ್ ಕಟ್ಟಿದ ಎಳೆಯ ಗೋಂದಣ್ಣ. ನಡುವೆ ಕುರ್ಚಿಗಳ ಮೇಲೆ ಅಧ್ಯಾಪಕರು. ಬಲತುದಿಯಲ್ಲಿ, ಗೇಟಿನ ಪಕ್ಕಕ್ಕೆ, ಕರಿ ಕೋಟು ತೊಟ್ಟ ಅಂತಿಮ ವರ್ಷದ ವಿದ್ಯಾರ್ಥಿಗಳು.

ಆ ವಿದ್ಯಾರ್ಥಿಗಳಲ್ಲಿ ಒಬ್ಬ ಚೇಷ್ಟೆಯ ಸರದಾರ ಬೆಳಿಗ್ಗೆಯೇ ಬೈಂಡಿಂಗ್ ಕೋಣೆಗೆ ಬಂದು ಕಿವಿಯೂದಿದ್ದ. "ಗೋಂದಣ್ಣ, ಆ ಕ್ಯಾಮೆರಾ ಬಸುರಿ ಎಮ್ಮೆ ಥರ ತಿರುಗುತ್ತೆ. ನಿನ್ನ ದಾಟಿದ ಮೇಲೆ ಹಿಂದಿನಿಂದ ಬಗ್ಗಿಕೊಂಡು ಓಡಿ ಬಾ. ನನ್ನ ಹತ್ರ ಇನ್ನೊಂದು ಕೋಟಿದೆ, ತಗೋ, ಬೆನ್ನ ಹಿಂದೆ ಇಟ್ಕೊಂಡಿರು. ಒಂದು ಸಲ ನೀನೂ ಡಿಗ್ರಿ ತಗೊಂಡುಬಿಡು."

ಗೋಂದಣ್ಣ ಓಡಿದ. ಕಾಲೇಜಿನ ಚರಿತ್ರೆಯಲ್ಲಿ ಅಷ್ಟು ವೇಗವಾಗಿ ಯಾರೂ ಎಡದಿಂದ ಬಲಕ್ಕೆ, ಕೆಲಸಗಾರರ ಸಾಲಿನಿಂದ ಪದವೀಧರರ ಸಾಲಿಗೆ ತಲುಪಿದ್ದಿಲ್ಲ. ಪ್ರಿನ್ಸಿಪಾಲರ ಬೆನ್ನ ಹಿಂದೆ ಹಾಯುವಾಗ ಏಪ್ರನ್ ಕಿತ್ತೆಸೆದ, ಗಣಿತದ ಅಧ್ಯಾಪಕರ ಹಿಂದೆ ಒಂದು ತೋಳು ತೂರಿಸಿದ, ಕೊನೆಯ ಗುಂಡಿ ಹಾಕುವಷ್ಟರಲ್ಲಿ ಕ್ಯಾಮೆರಾ ಅವನತ್ತ ತಿರುಗಿತು. ಅವನು ಎದೆ ಉಬ್ಬಿಸಿ ನಿಂತ.

ಕ್ಯಾಮೆರಾ ದಾಟಿತು. ಹುಡುಗರೆಲ್ಲ ಅವನ ಬೆನ್ನು ತಟ್ಟುತ್ತಿದ್ದರು. ಆಗ ಗೇಟಿನಾಚೆಯಿಂದ ಒಂದು ಕೂಗು.

"ಅಣ್ಣಾ! ಅಣ್ಣಾ!"

ತಂಗಿ ಗಂಟು ಹಿಡಿದು ನಿಂತಿದ್ದಳು.

"ಯಾರೋ ಆ ಹುಡುಗಿ? ನಿನ್ನನ್ನೇ ಕರೀತಿರೋ ಹಾಗಿದೆ," ಎಂದ ಚೇಷ್ಟೆಯ ಸರದಾರ.

ಗೋಂದಣ್ಣ ಒಮ್ಮೆ ಗೇಟಿನ ಕಡೆ ನೋಡಿದ. ಒಮ್ಮೆ ತನ್ನ ಕೋಟಿನ ಕಡೆ ನೋಡಿದ.

"ಯಾರೋ ಏನೋ. ನಂಗೊತ್ತಿಲ್ಲ."

"ಅಣ್ಣ ಅಂತಿದ್ದಾಳಲ್ಲೋ?"

"ಇಲ್ಲಿ ಇಷ್ಟು ಜನ ಅಣ್ಣಂದಿರು ಸಾಲಾಗಿ ನಿಂತಿದ್ದೀವಿ. ಯಾರು ಬೇಕೋ ಆರಿಸ್ಕೊಳ್ಳಲಿ!"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಲೇಜಿನಲ್ಲಿ ಗೋಂದಣ್ಣ ಹೇಳಿದ ಮೊಟ್ಟಮೊದಲ ಜೋಕು ಅದು, ಭರ್ಜರಿಯಾಗಿ ಗೆದ್ದಿತು. ನಗು ಗೇಟಿನವರೆಗೂ ಹೋಯಿತು. ಅವಳು ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ತಿರುಗಿ ಹೋದಳು. ಸಂಜೆ ಮನೆಗೆ ಬಂದಾಗ, "ಹೊಲಿದಿಟ್ಟಿದೀನಿ, ನಾಳೆ ನೀನೇ ತಗೊಂಡ್ಹೋಗು" ಎಂದಳು. ಆಮೇಲೆ ಒಂದು ದಿನವೂ ಗೇಟಿನ ಹತ್ತಿರ ಬರಲಿಲ್ಲ.

ಪಟ ಗ್ರಂಥಾಲಯದ ಪಡಸಾಲೆಯಲ್ಲಿ ತೂಗಿತು. ಗೋಂದಣ್ಣ ಅದನ್ನು ಒಮ್ಮೆಯೂ ನೋಡಲಿಲ್ಲ. ಆ ಪಡಸಾಲೆ ತಪ್ಪಿಸಲು ಇಡೀ ಕಟ್ಟಡ ಸುತ್ತಿಕೊಂಡು ಹಿಂಬಾಗಿಲಿನಿಂದ ಬರುವುದನ್ನು ಅಭ್ಯಾಸ ಮಾಡಿಕೊಂಡ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದ. ಹಾಗೇ ನಡೆದೂ ನಡೆದೂ ಅವನ ಕೂದಲು ನೆರೆಯಿತು, ತಂಗಿಗೆ ಕನ್ನಡಕ ಬಂತು, ಕಾಲೇಜಿಗೆ ಹುಡುಗಿಯರೂ ಬಂದರು. ಗಂಟು ಮಾತ್ರ ಮೊದಲಿನಂತೆ ಅಂಗಿಯೊಳಗೇ ಓಡಾಡುತ್ತಿತ್ತು.

ಈಗ ಶತಮಾನೋತ್ಸವದ ಸರದಿ. ಪರಂಪರೆ ಸಮಿತಿ ಎಂಬುದೊಂದು ಹುಟ್ಟಿತು, ಇತಿಹಾಸದ ಮೇಷ್ಟ್ರು ಅದರ ಮುಖ್ಯಸ್ಥರಾದರು. ಒಳ್ಳೆಯ ಮನುಷ್ಯ. ಆದರೆ ಮುರಿದ ಮಡಕೆಯ ಚೂರು ಸಿಕ್ಕರೆ ಅದಕ್ಕೊಬ್ಬ ರಾಜ, ರಾಜನಿಗೊಬ್ಬಳು ರಾಣಿ, ರಾಣಿಗೊಂದು ದುಃಖ ಕಟ್ಟಿಕೊಡದೆ ನಿದ್ದೆ ಮಾಡುವವರಲ್ಲ. ಅವರು ವಜ್ರ ಮಹೋತ್ಸವದ ಪಟವನ್ನು ಭೂತಗನ್ನಡಿ ಹಿಡಿದು ಎಡದಿಂದ ಬಲಕ್ಕೆ ಓದಿದರು. ಬಲತುದಿ ತಲುಪಿದಾಗ ಅವರ ಉಸಿರು ನಿಂತಿತು. ಪಟವನ್ನು ಗೋಡೆಯಿಂದ ಇಳಿಸಿ, ಮಗುವಿನಂತೆ ಎತ್ತಿಕೊಂಡು, ಬೈಂಡಿಂಗ್ ಕೋಣೆಗೆ ನುಗ್ಗಿದರು. ಬಾಗಿಲಿಗೆ ತಲೆ ಬಡಿದದ್ದೂ ಗೊತ್ತಾಗಲಿಲ್ಲ.

"ಗೋಂದಣ್ಣ, ಇದು ನೀವೇ ತಾನೆ?" ಎಡತುದಿಯಲ್ಲಿ ಬೆರಳು.

ಗೋಂದಣ್ಣ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ತಲೆಯಾಡಿಸಿದ.

"ಹಾಗಾದ್ರೆ ಇದು ಯಾರು?" ಬಲತುದಿಯಲ್ಲಿ ಬೆರಳು.

ಮೇಷ್ಟ್ರ ಬೆರಳು ದಪ್ಪ. ಅದು ಕೋಟಿನ ಹುಡುಗನ ಭುಜ ದಾಟಿ, ಹಿಂದಿನ ಗೇಟಿನ ಕಂಬಿಗಳವರೆಗೂ ಹರಡಿತ್ತು. ಕಂಬಿಗಳ ನಡುವೆ, ಉಗುರಿನ ಪಕ್ಕದಲ್ಲೇ, ಗಂಟು ಹಿಡಿದು ನಿಂತ ಒಂದು ಸಣ್ಣ ಆಕೃತಿ. ಅವಳೂ ಪಟದಲ್ಲಿ ಬಿದ್ದಿದ್ದಾಳೆಂದು ಗೋಂದಣ್ಣನಿಗೆ ಗೊತ್ತೇ ಇರಲಿಲ್ಲ. ಬಾಯಲ್ಲಿ ದಾರ ಇರುವುದನ್ನೂ ಮರೆತು ಉಸಿರಿನಂತೆ ಅಂದುಬಿಟ್ಟ:

"ಅವಳೇ..."

"ಅವಳಿ!" ಮೇಷ್ಟ್ರು ಮೇಜು ಗುದ್ದಿದರು. ಗೋಂದಿನ ಬಟ್ಟಲು ನಡುಗಿತು. "ನಾನು ಅಂದ್ಕೊಂಡಿದ್ದೇ! ಅದೇ ಮೂಗು, ಅದೇ ಕಿವಿ. ಒಬ್ಬ ಏಪ್ರನ್ನಿನಲ್ಲಿ, ಒಬ್ಬ ಕೋಟಿನಲ್ಲಿ. ಅಣ್ಣ ದುಡಿದ, ತಮ್ಮ ಓದಿದ. ಒಂದೇ ಕಾಲೇಜಿನಲ್ಲಿ! ಇಷ್ಟು ವರ್ಷ ಬಾಯೇ ಬಿಡಲಿಲ್ಲವಲ್ರೀ ನೀವು?"

ಗೋಂದಣ್ಣ ಅವಸರದಲ್ಲಿ ದಾರ ಉಗಿದ. "ಅಯ್ಯೋ, ತಮ್ಮ ಇಲ್ಲ ಸಾರ್."

ನಮ್ಮ ಭಾಷೆಯ 'ಇಲ್ಲ' ಬಲು ಅಪಾಯಕಾರಿ ಪದ. ಹುಟ್ಟದವರಿಗೂ ಅದೇ, ಸತ್ತವರಿಗೂ ಅದೇ, ಅಂಗಡಿಗೆ ಹೋಗಿರುವವರಿಗೂ ಅದೇ. ಮೇಷ್ಟ್ರು ಕನ್ನಡಕ ತೆಗೆದರು.

"ಛೆ. ಯಾವಾಗ?"

"ಯಾವಾಗ್ಲೂ ಇಲ್ಲ ಸಾರ್. ಮೊದಲಿಂದಾನೂ..."

"ಮೊದಲಿಂದಾನೂ ನಿತ್ರಾಣವೇ! ಪಾಪ. ಬೇಡಿ, ಹೇಳ್ಬೇಡಿ. ನೋವಾಗುತ್ತೆ." ಮೇಷ್ಟ್ರು ಗೋಂದಣ್ಣನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಹೊರಟೇಹೋದರು.

ಬೆನ್ನಟ್ಟಿ ಹೋಗಿ ಹೇಳಬಹುದಿತ್ತು. ಬಾಗಿಲವರೆಗೆ ಗೋಂದಣ್ಣ ಹೋದದ್ದೂ ಉಂಟು. ಆದರೆ ತಮ್ಮನಿಲ್ಲ ಎಂದರೆ ಕೋಟಿನ ಮಾತು ಬರುತ್ತದೆ, ಕೋಟೆಂದರೆ ಓಟ, ಓಟವೆಂದರೆ ಗೇಟು. ಗೇಟಿನ ಹತ್ತಿರ ಬಂದಕೂಡಲೇ ಅವನ ಯೋಚನೆ, ಎಂದಿನಂತೆ, ಕಟ್ಟಡ ಸುತ್ತಿಕೊಂಡು ಹಿಂಬಾಗಿಲಿಗೆ ಬಂದು ಸೇರಿತು.

ಅವಳಿ ಸೋದರರ ಕಥೆ ಸೇರಿಸಿಕೊಂಡು ಸಮಿತಿಯ ಶತಮಾನೋತ್ಸವದ ಪುಸ್ತಕ ಅಚ್ಚಿಗೆ ಹೋಯಿತು. ಪ್ರಿನ್ಸಿಪಾಲರಾದ ಫಾದರ್ ಬೆಳಗಿನ ಪ್ರಾರ್ಥನೆಯಲ್ಲಿ ಸೋದರ ಪ್ರೇಮದ ಬಗ್ಗೆ ಉಪದೇಶ ಮಾಡಿದರು. ಓದುವ ತಮ್ಮನಿಗಾಗಿ ಹೊಲಿದ ಅಣ್ಣ! ಹಿಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ನೆಲ ಬಾಯಿ ಬಿಡಬಾರದೇ ಎಂದು ನೋಡಿದ. ನೆಲ ಗಟ್ಟಿ ಸಿಮೆಂಟಿನದು.

ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ಕಾದಿದ್ದಳು.

"ಬನ್ನಿ ಬನ್ನಿ. ಒಬ್ರೇ ಬಂದ್ರೋ, ತಮ್ಮನನ್ನೂ ಕರ್ಕೊಂಡು ಬಂದ್ರೋ?"

"ಸುಮ್ನಿರೇ."

"ಯಾಕ್ರೀ ಸುಮ್ನಿರ್ಲಿ? ನನಗೊಬ್ಬ ಮೈದುನ ಇದ್ದ ಅಂತ ಊರವರ ಬಾಯಿಂದ ಕೇಳಬೇಕಾಯ್ತು. ಅದೂ ಡಿಗ್ರಿ ಮಾಡಿದ ಮೈದುನ! ಮೊದಲೇ ಗೊತ್ತಾಗಿದ್ರೆ ಅವನನ್ನೇ ಕಟ್ಕೋತಿದ್ದೆ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಹಿಂದೆ ತಂಗಿ ನಗುತ್ತಿದ್ದಳು. "ನಂಗೂ ಗೊತ್ತಿರ್ಲಿಲ್ಲ ಅತ್ತಿಗೆ. ನಮ್ಮಮ್ಮನೂ ಗುಟ್ಟು ಬಿಡಲಿಲ್ಲ ನೋಡಿ. ಹೇಗಿದ್ನಂತೆ ಅಣ್ಣ, ನೋಡೋಕೆ?"

"ನನ್ನ ಥರಾನೇ ಅಂತೆ."

"ಹಾಗಾದ್ರೆ ಹೋಗಿದ್ದೇ ಒಳ್ಳೇದಾಯ್ತು ಬಿಡು, ಪಾಪ."

ಹೆಂಡತಿ ನಗುತ್ತ ಒಳಗೆ ಹೋದಳು. ತಂಗಿ ದಾರ ಕಚ್ಚಿ ತುಂಡುಮಾಡಿದಳು. "ಯಾವ ಫೋಟೋ ಅದು? ನೀನು ಕೋಟು ಹಾಕ್ಕೊಂಡಿದ್ದೆಯಲ್ಲ, ಅವತ್ತಿಂದಾ?"

ಯಂತ್ರದ ಚಕ್ರ ನಿಂತಿತ್ತು.

"ಹೂಂ," ಎಂದ ಗೋಂದಣ್ಣ.

ಚಕ್ರ ಮತ್ತೆ ತಿರುಗಿತು.

ಆ ದಿನ ಅವನಿಗೆ ಒಂದು ಮಾತ್ರ ಸ್ಪಷ್ಟವಾಯಿತು. ಹತ್ತು ಜನರ ಎದುರು 'ಗೊತ್ತಿಲ್ಲ' ಎಂದವನು ಮನೆಯೊಳಗೆ, ಅಡುಗೆಮನೆಯ ಬಾಗಿಲ ಹಿಂದೆ, ಪಿಸುಮಾತಿನಲ್ಲಿ 'ತಪ್ಪಾಯ್ತು' ಎಂದರೆ ಲೆಕ್ಕಕ್ಕೆ ಬರುವುದಿಲ್ಲ. ಜನರ ಎದುರೇ ಹೇಳಬೇಕು. ಶತಮಾನೋತ್ಸವದ ಸಭೆಯಲ್ಲಿ ಅವನನ್ನು ವೇದಿಕೆಗೆ ಕರೆದು ಸನ್ಮಾನಿಸುವುದಿತ್ತು, ಎರಡು ಮಾತಾಡಿಸುವುದಿತ್ತು. ಆ ಎರಡು ಮಾತು ಯಾವುದೆಂದು ತೀರ್ಮಾನಿಸಿ, ದಿನವೂ ಗೋಂದಿನ ಬಟ್ಟಲಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿದ: "ನನಗೆ ಅವಳಿ ತಮ್ಮ ಇಲ್ಲ. ಇವಳು ನನ್ನ ತಂಗಿ, ಪುಸ್ತಕ ಹೊಲಿದವಳು ಇವಳೇ." ಬಟ್ಟಲು ಪ್ರತಿ ಸಲವೂ ಗಂಭೀರವಾಗಿ ಕೇಳಿಸಿಕೊಂಡಿತು.

ಸಭೆಯ ದಿನ ತಂಗಿ ಮೊದಲ ಸಲ ಗೇಟಿನೊಳಗೆ ಬಂದಳು, ಅತ್ತಿಗೆಯ ಜೊತೆ, ಆಹ್ವಾನ ಪತ್ರಿಕೆ ಹಿಡಿದುಕೊಂಡು. ಸಭಾಂಗಣದ ಹಿಂದಿನ ಸಾಲಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ವೇದಿಕೆಯ ಮೇಲೆ ಆ ಪಟವನ್ನು ಆನೆಯಷ್ಟು ಹಿಗ್ಗಿಸಿ ನಿಲ್ಲಿಸಿದ್ದರು. ಹಿಗ್ಗಿಸುವವರು ಗೇಟಿನ ಭಾಗವನ್ನು ಅನಾವಶ್ಯಕವೆಂದು ಕತ್ತರಿಸಿದ್ದರು.

ಇತಿಹಾಸದ ಮೇಷ್ಟ್ರು ಮಾತಾಡಿದರು. ಲಾಯದಿಂದ ಹೊರಟು, ಗಡಿಯಾರದ ಗೋಪುರ ಹತ್ತಿಳಿದು, ಕೊನೆಗೆ ಇಬ್ಬರು ಸೋದರರ ಬಳಿ ಬಂದು ಗದ್ಗದಿತರಾದರು. "ಅಕಾಲದಲ್ಲಿ ನಮ್ಮನ್ನಗಲಿದ ಆ ತಮ್ಮನ ನೆನಪಿಗೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಇಡೀ ಸಭೆ ಎದ್ದು ನಿಂತಿತು. ಮಾಜಿ ಪ್ರಿನ್ಸಿಪಾಲರು, ಊರುಗೋಲು ಹಿಡಿದ ಹಳೆಯ ವಿದ್ಯಾರ್ಥಿಗಳು, ನೀಲಿ ರಿಬ್ಬನ್ ಕಟ್ಟಿದ ಹುಡುಗಿಯರು. ಎಲ್ಲರೂ ಹುಟ್ಟದವನಿಗಾಗಿ ತಲೆ ಬಗ್ಗಿಸಿದರು. ವೇದಿಕೆಯ ಮೇಲೆ ಗೋಂದಣ್ಣನ ತಲೆ ಎಲ್ಲರಿಗಿಂತ ಕೆಳಗಿತ್ತು. ಹಿಂದಿನ ಸಾಲಿನಲ್ಲಿ ತಂಗಿಯ ಹೆಗಲು ಕುಲುಕುತ್ತಿತ್ತು. ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಪಕ್ಕದ ಮುದುಕಿಯೊಬ್ಬರು ಬೆನ್ನು ಸವರಿ, "ಅಳಮ್ಮ, ಅತ್ತುಬಿಡು. ಒಡಹುಟ್ಟಿದವನು ತಾನೆ," ಎಂದರು.

ಆಮೇಲೆ ಮೈಕು ಗೋಂದಣ್ಣನ ಕೈಗೆ ಬಂತು.

"ನನಗೆ..." ಎಂದ. ಮೈಕು ಕಿರುಚಿತು. ಬಾಯಿಪಾಠವೆಲ್ಲ ಗೋಂದಿನ ಬಟ್ಟಲಿನಲ್ಲೇ ಉಳಿದಿತ್ತು. ಅವನು ಕೈಯೆತ್ತಿ ಹಿಂದಿನ ಸಾಲಿಗೆ ಬೆರಳು ಮಾಡಿದ. "ಅವಳಿ... ಅವಳಿ ಅಲ್ಲ. ಅವಳು..."

ತಂಗಿ ಆ ಬೆರಳನ್ನು ನೋಡಿದಳು. ಅವಳ ನಗು ನಿಂತಿತು. ಬಾಯಿಂದ ಸೆರಗು ತೆಗೆದು, ನೆಟ್ಟಗೆ ಕೂತು, ಕಾದಳು.

ಫಾದರ್ ಕರುಣಾಳು. ದುಃಖದಲ್ಲಿ ತೊದಲುವವನನ್ನು ನೋಡುತ್ತ ಕೂರುವುದು ಅವರಿಂದಾಗಲಿಲ್ಲ. ಎದ್ದು ಬಂದು ಗೋಂದಣ್ಣನ ಹೆಗಲ ಮೇಲೆ ಕೈಹಾಕಿ, ಮೈಕಿಗೆ ಬಾಗಿ ಅರ್ಥ ವಿವರಿಸಿದರು: "ಅವಳಿ ಅಲ್ಲ, ಅಂತಿದ್ದಾರೆ. ಅಂದರೆ ಎರಡು ಜೀವ ಅಲ್ಲ, ಒಂದೇ ಜೀವ! ಎಂಥ ಮಾತು!"

ಚಪ್ಪಾಳೆ ಚಾವಣಿಗೆ ಬಡಿಯಿತು.

ಮೈಕು ಇನ್ನೂ ಕೈಯಲ್ಲೇ ಇತ್ತು. ಹೇಳಬೇಕಾಗಿದ್ದುದು 'ತಂಗಿ' ಎಂಬ ಪುಟ್ಟ ಪದ. ಮಗುವಿಗೂ ಬರುವಂಥದ್ದು. ಆದರೆ ಚಪ್ಪಾಳೆ ಅವನಿಗಾಗಿ ಹೊಡೆಯುತ್ತಿದ್ದರು. ಕಾಲೇಜು ಅವನ ಮಾತಿಗೆ ಹೀಗೆ ಮರುಳಾಗುತ್ತಿರುವುದು ಅದು ಎರಡನೆಯ ಸಲ. ಗೋಂದಣ್ಣ ಮೈಕು ಕೊಟ್ಟು, ಹೋಗಿ, ಕೂತುಬಿಟ್ಟ. ಕೂತ ಮೇಲೆ ತಿಳಿಯಿತು, ತಾನು ಆ ಹಳೆಯ ಮಾತನ್ನೇ ಮತ್ತೊಮ್ಮೆ ಹೇಳಿದ್ದೇನೆಂದು. ಈ ಸಲ ಏನೂ ಹೇಳದೆಯೇ.

ಮನೆಗೆ ನಡೆದು ಹೋಗುವಾಗ ತಂಗಿ ಆಡಿದ್ದು ಒಂದೇ ಮಾತು. "ಮೆಟ್ಟಿಲು ನೋಡ್ಕೊಂಡು ಇಳಿ."

ಮಾರನೆಯ ಬೆಳಿಗ್ಗೆ ಗೋಂದಣ್ಣ ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತಿದ್ದ. ಮೇಷ್ಟ್ರೂ ಅಲ್ಲೇ ಇದ್ದರು, ಶತಮಾನೋತ್ಸವದ ಯಶಸ್ಸಿನ ಬಗ್ಗೆ ಮಾತಾಡುತ್ತ. ಅವನು ಎಲ್ಲವನ್ನೂ ಹೇಳಿದ. ಈ ಸಲ ಬಾಯಿಪಾಠ ಮಾಡಿರಲಿಲ್ಲ. ಓಟ ಹೇಳಿದ, ಕೋಟು ಹೇಳಿದ, ಅಂಗಿಯೊಳಗಿನ ಹಾಳೆ ಹೇಳಿದ.

ಫಾದರ್ ಮೇಜಿನ ಮೇಲಿದ್ದ ಶತಮಾನೋತ್ಸವದ ಪುಸ್ತಕ ಮುಚ್ಚಿದರು. "ಹಾಗಾದ್ರೆ ನಿನ್ನೆ ನಾವು ಮೌನ ಆಚರಿಸಿದ್ದು ಯಾರಿಗೆ?"

"ಯಾರಿಗೂ ಅಲ್ಲ ಫಾದರ್."

ಮೇಷ್ಟ್ರ ಮುಖ ಸುಣ್ಣ ಬಳಿದಂತಾಯಿತು. "ತಮ್ಮ ಇಲ್ಲ ಅಂದ್ರಲ್ರೀ ಅವತ್ತು?"

"ಆ ಇಲ್ಲ ಅಲ್ಲ ಸಾರ್. ಈ ಇಲ್ಲ."

"ಗೇಟು ದಾಟಿ ಎಷ್ಟು ಪುಸ್ತಕ ಹೋಗಿವೆ?" ಎಂದರು ಫಾದರ್.

"ಎಲ್ಲಾ."

"ಎಲ್ಲಾ ಅಂದ್ರೆ?"

"ಎಲ್ಲಾನೂ ಫಾದರ್. ಹೋಗಿದ್ದಕ್ಕಿಂತ ಗಟ್ಟಿಯಾಗಿ ವಾಪಸ್ ಬಂದಿವೆ."

ಆಮೇಲೆ ಅವನು ಗೇಟಿನ ಹತ್ತಿರ ಆಡಿದ ಮಾತನ್ನು ಹೇಳಿದ. ಜೋಕನ್ನೂ ಹೇಳಿದ. ಯಾರೂ ನಗಲಿಲ್ಲ. ತನ್ನವರನ್ನು ಗುರುತಿಲ್ಲವೆಂದವರ ಬಗ್ಗೆ ಫಾದರ್ ವರ್ಷ ವರ್ಷವೂ ಪೀಠದ ಮೇಲಿಂದ ಉಪದೇಶ ಮಾಡುತ್ತ ಬಂದವರು. ಅಂಥವನೊಬ್ಬ ಎದುರಿಗೆ ನಿಂತು, ಏಪ್ರನ್ನಿನ ಅಂಚು ತಿರುಚುತ್ತ ಹೇಳುವುದನ್ನು ಕೇಳಿ ಅಭ್ಯಾಸವಿರಲಿಲ್ಲ. ನಿನ್ನೆ ಮೈಕಿಗೆ ಬಾಗಿ ತಾವು ಕೊಟ್ಟ ವಿವರಣೆ ನೆನಪಾಗಿ ಅವರ ಕಿವಿ ಕೆಂಪಾಯಿತು.

"ನಾನು ನಿನಗೆ ಮಾತಾಡೋಕೇ ಬಿಡಲಿಲ್ಲ," ಎಂದರು.

"ಬಿಟ್ಟಿದ್ರೂ ಹೇಳ್ತಿದ್ನೋ ಇಲ್ವೋ ಫಾದರ್. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು."

ಪುಸ್ತಕ ಅಚ್ಚಾಗಿ ಬಂದಾಗಿತ್ತು. ಸದ್ಯಕ್ಕೆ ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸುವುದೆಂದಾಯಿತು. ಚೀಟಿ ಬರೆದವರು ಮೇಷ್ಟ್ರೇ. ನಾಚಿಕೆಯಲ್ಲಿ ಬರೆದದ್ದರಿಂದ ಚಿಕ್ಕದಾಗಿ ಬರೆದರು: 'ಈ ಪುಟದಲ್ಲಿ ತಮ್ಮ ಎಂದಿರುವ ಕಡೆಯಲ್ಲೆಲ್ಲ ತಂಗಿ ಎಂದು ಓದಿಕೊಳ್ಳತಕ್ಕದ್ದು.' ಅಂಟಿಸುವ ಕೆಲಸಕ್ಕೆ ಗೋಂದಣ್ಣನ ಜೊತೆ ತಂಗಿಯನ್ನೂ ಕರೆಸಬೇಕೆಂದು ಫಾದರ್ ಹೇಳಿಕಳಿಸಿದರು.

ಅವಳು ಬಂದಳು. ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ಸರಿಯಾಗಿ ತಲೆ ಬಗ್ಗಿಸಿದಳು. ಅಟ್ಟದವರೆಗೂ ಜೋಡಿಸಿದ್ದ ಪುಸ್ತಕಗಳ ಬೆನ್ನುಗಳನ್ನು ಒಂದು ಸುತ್ತು ನೋಡಿದಳು, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳ ಮನೆಗೆ ಬಂದ ತಾಯಿಯಂತೆ. ಆಮೇಲೆ ಕನ್ನಡಕ ಏರಿಸಿ, ಹೊಸ ಪುಸ್ತಕದ ಆ ಪುಟ ತೆರೆದು, ಚೀಟಿಯಲ್ಲಿ ಹೇಳಿದಂತೆ ಜೋರಾಗಿ ಓದಿದಳು. ಮೇಷ್ಟ್ರು ಕ್ಷಮೆ ಕೇಳಲೆಂದು ಬಂದು ಬಾಗಿಲಲ್ಲಿ ನಿಂತಿದ್ದರು.

"'ಬಲತುದಿಯಲ್ಲಿ ಕೋಟು ತೊಟ್ಟು ನಿಂತಿರುವವರು ಗೋಂದಣ್ಣನ ತಂಗಿ. ಚಿಗುರುಮೀಸೆಯ ಈ ತಂಗಿ ಓದಿನಲ್ಲೂ ಕುಸ್ತಿಯಲ್ಲೂ ಮುಂದಿದ್ದಿರಬೇಕು. ದುರ್ದೈವದಿಂದ ತಂಗಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು.'" ಪುಸ್ತಕ ಕೆಳಗಿಟ್ಟಳು. "ಒಟ್ಟಿನಲ್ಲಿ ನಾನು ಹೋದೆ ಅನ್ನಿ ಸಾರ್."

"ಅಯ್ಯೋ, ಇಲ್ಲಮ್ಮ! ಅದು... ಎರಡನೇ ಮುದ್ರಣದಲ್ಲಿ ಸರಿಮಾಡ್ತೀವಿ."

"ಅಷ್ಟು ಹೊತ್ತಿಗೆ ನಿಜವಾಗ್ಲೂ ಹೋಗಿರ್ತೀನಿ. ಹಾಗೇ ಇರ್ಲಿ ಬಿಡಿ, ಕೆಲಸ ಉಳಿಯುತ್ತೆ. ಆದ್ರೆ ಆ ಕುಸ್ತಿ ಎಲ್ಲಿಂದ ಬಂತು ಸಾರ್?"

"ಭುಜ ಅಗಲವಾಗಿ ಕಾಣ್ತಿತ್ತು," ಎಂದು ಗೊಣಗಿ ಮೇಷ್ಟ್ರು ಹಿಂದಕ್ಕೆ ಸರಿದರು. ಈ ಸಲ ಬಾಗಿಲಿಗೆ ತಲೆ ಬಡಿದದ್ದು ಅವರಿಗೆ ಚೆನ್ನಾಗಿ ಗೊತ್ತಾಯಿತು.

ಅಣ್ಣ ತಂಗಿ ಇಬ್ಬರೇ ಉಳಿದರು. ಚೀಟಿಗಳಿಗೆ ಗೋಂದು ಸವರುವುದು, ಅಂಟಿಸುವುದು. ಬಹಳ ಹೊತ್ತು ಆದಮೇಲೆ ಗೋಂದಣ್ಣ, "ಅವತ್ತು ಗೇಟಿನ ಹತ್ರ..." ಎಂದ.

"ಕೇಳಿಸ್ತು."

"ಗೊತ್ತಿಲ್ಲ ಅಂದಿದ್ದಾ?"

"ಅದೂ ಕೇಳಿಸ್ತು. ಆಮೇಲೆ, ಯಾವ ಅಣ್ಣ ಬೇಕೋ ಆರಿಸ್ಕೊಳ್ಳಲಿ ಅಂದೆಯಲ್ಲ, ಅದೂ ಕೇಳಿಸ್ತು." ಅವಳು ಇನ್ನೊಂದು ಚೀಟಿ ತೆಗೆದುಕೊಂಡಳು. "ಎಲ್ಲರೂ ನಕ್ಕರು. ನನಗೂ ನಗು ಬಂದುಬಿಡ್ತು ಅಣ್ಣ. ಅವರ ಜೊತೆ ನಾನೂ ನಕ್ಕೆ. ದಾರಿಯಲ್ಲಿ ಹೋಗ್ತಾ ನಾಚಿಕೆ ಆಯ್ತು, ನಾನ್ಯಾಕೆ ನಕ್ಕೆ ಅಂತ. ಇವತ್ತಿಗೂ ನೆನೆಸ್ಕೊಂಡ್ರೆ ಮುಖ ಬಿಸಿಯಾಗುತ್ತೆ."

ತನ್ನ ನಾಚಿಕೆ ಎಷ್ಟು ದೊಡ್ಡದೆಂದು ಗೋಂದಣ್ಣ ಇಷ್ಟು ವರ್ಷ ಹೊತ್ತು ತಿರುಗಿದ್ದ. ಅದರ ಇನ್ನೊಂದು ಪಾಲನ್ನು ಅವಳು ಹೊತ್ತಿದ್ದಾಳೆಂದು ತಿಳಿದಿರಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ. ಅವಳು ಒಣಗುವ ಮುಂಚೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ತಿರುಗಿಸಿ, ಮತ್ತೆ ಕೂರಿಸಿದಳು.

"ಕ್ಷಮಿಸಿದೀಯಾ ಅಂತ ಕೇಳ್ಬೇಡ," ಎಂದಳು. "ಯೋಚನೆ ಮಾಡಿಲ್ಲ. ಆದ್ರೆ ಇನ್ಮೇಲೆ ನಾನು ಮನೇಲಿ ಕೂತು ಪುಸ್ತಕ ಹೊಲಿಯಲ್ಲ. ಇಲ್ಲೇ ಬಂದು ಹೊಲಿಯೋದು. ನಿಂತೂ ನಿಂತೂ ಸೊಂಟ ನೋಯ್ತಿದೆ, ಮೇಲಿಂದ ಒಂದು ಕುರ್ಚಿ ತಾ."

ಗೋಂದಣ್ಣ ಮೇಲೆ ಹೋದ. ಓದುವ ಕೋಣೆಯಲ್ಲಿ ಪರೀಕ್ಷೆಯ ಮುಂಚಿನ ಮೌನ. ಸಾಲುಸಾಲು ತಲೆಗಳು ಪುಸ್ತಕಗಳಲ್ಲಿ ಮುಳುಗಿದ್ದವು. ಅವನು ಗೋಡೆಯ ಪಕ್ಕದ ಕುರ್ಚಿಯೊಂದನ್ನು ಎತ್ತಿಕೊಂಡ. ಗ್ರಂಥಪಾಲಕರು ತಲೆಯೆತ್ತಿ, ಪಿಸುಗುಟ್ಟಿ ಕೇಳಿದರು: "ಯಾರಿಗೆ ಗೋಂದಣ್ಣ?"

"ನನ್ನ ತಂಗಿಗೆ!"

ಎಷ್ಟು ಜೋರಾಗಿ ಬಂತೆಂದರೆ ಕಿಟಕಿಯ ಗಾಜು ಅದುರಿತು. ಎಲ್ಲ ತಲೆಗಳೂ ಒಟ್ಟಿಗೆ ಮೇಲೆದ್ದವು. "ಶ್!" ಎಂದಿತು ಇಡೀ ಕೋಣೆ, ಸಿಡುಕಿನಿಂದ.

ಗೋಂದಣ್ಣನ ಮುಖ ಕಿವಿಯವರೆಗೆ ಕೆಂಪಾಯಿತು. ಕುರ್ಚಿಯನ್ನು ಎದೆಗೆ ಅವಚಿಕೊಂಡು, ಅಷ್ಟೂ ಕಣ್ಣುಗಳ ಎದುರು ನಿಂತೇ, ಸ್ವಲ್ಪ ಮೆಲ್ಲಗೆ ಇನ್ನೊಮ್ಮೆ ಹೇಳಿದ.

"ನನ್ನ ತಂಗಿಗೆ."